ಮಕ್ಕಳ ಹಕ್ಕು ಮತ್ತು ಕಂಪನಿಗಳ ಮೌಲ್ಯಮಾಪನ

ಮೌಲ್ಯಮಾಪನವೆಂಬ ಶಬ್ದವು ಅಧ್ಯಾಪಕ ವೃತ್ತಿಯಲ್ಲಿ ಆಯುಷ್ಯವನ್ನು ಸವೆಸಿದ ನನ್ನಂಥವರಿಗೆ ಹೊಸದಲ್ಲ. ಬರೆದವನೇ ತನ್ನ ಉತ್ತರಪತ್ರಿಕೆಗೆ ಅಂಕ ಹಾಕಿಕೊಳ್ಳಲಾಗದೆಂಬುದು ಅದರ ಮೊದಲ ನಿಯಮ. ಆದರೆ ಅಂತರ್ಜಾಲದ ಕಂಪನಿಗಳು ತಮ್ಮ ವ್ಯವಹಾರದಿಂದ ಮಕ್ಕಳ ಹಕ್ಕುಗಳಿಗೆ ಒದಗುವ ಬಾಧೆಯನ್ನು ತಾವೇ ಅಳೆದುಕೊಳ್ಳುವ ಪದ್ಧತಿಯೊಂದು ಇಂದು ಬೆಳೆಯುತ್ತಿದೆ. ಇದರ ಬಗೆಗೆ ಎರಡು ಮಾತುಗಳನ್ನು ಈ ಶಾಲೆಯ ಹಿತೈಷಿಗಳ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ.

ವಿಶ್ವಸಂಸ್ಥೆಯು ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿದ್ದು 1989ರಲ್ಲಿ. ಭಾರತವು ಅದಕ್ಕೆ ಸಮ್ಮತಿಯಿತ್ತಿದ್ದು 1992ರಲ್ಲಿ. ಅಂದು ಅಂತರ್ಜಾಲವು ಮನೆಮನೆಗೆ ಬಂದಿರಲಿಲ್ಲ. 2021ರಲ್ಲಿ ಮಕ್ಕಳ ಹಕ್ಕುಗಳ ಸಮಿತಿಯು ಆ ಹಕ್ಕುಗಳೆಲ್ಲವೂ ಅಂತರ್ಜಾಲದಲ್ಲಿಯೂ ಸಲ್ಲುತ್ತವೆಂದು ಸಾರಿ, ಕಂಪನಿಗಳಿಂದ ಇಂಥ ಮೌಲ್ಯಮಾಪನವನ್ನು ಮಾಡಿಸಿ ಅದನ್ನು ಬಹಿರಂಗಪಡಿಸಬೇಕೆಂದು ಸರಕಾರಗಳಿಗೆ ತಿಳಿಸಿತು. ಎಷ್ಟು ವಯಸ್ಸಿನ ಮಕ್ಕಳು ಬರುತ್ತಾರೆ, ಅವರಿಂದ ಯಾವ ವಿವರಗಳನ್ನು ಪಡೆಯಲಾಗುತ್ತದೆ, ಅಪರಿಚಿತರು ಅವರನ್ನು ತಲುಪಬಲ್ಲರೆ, ನಿದ್ರೆಗೂ ಆಟಕ್ಕೂ ಭಂಗವುಂಟೆ ಎಂಬುದನ್ನೆಲ್ಲ ಸೇವೆಯನ್ನು ಬಿಡುಗಡೆ ಮಾಡುವ ಮೊದಲೇ ವಿಚಾರಿಸಬೇಕು. ಮಕ್ಕಳ ಅಭಿಪ್ರಾಯವನ್ನೂ ಕೇಳಬೇಕು.

2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನನ್ನ ಮೊಮ್ಮಗಳಿಗಾಗಿ ಪಾಠದ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಸಿದೆವು. ಹೆಸರು, ಜನ್ಮದಿನಾಂಕ, ದೂರವಾಣಿ ಸಂಖ್ಯೆ ಕೊಟ್ಟ ಕೆಲವೇ ದಿನಗಳಲ್ಲಿ, ಹೆಚ್ಚಿನ ಬೆಲೆಯ ಪಾಠಗಳನ್ನು ಕೊಳ್ಳಿರೆಂಬ ಕರೆಗಳು ಬರತೊಡಗಿದವು. ‘ಅವರಿಗೆ ನಾನು ಹೇಗೆ ಗೊತ್ತು, ತಾತಾ?’ ಎಂದು ಮಗು ಕೇಳಿತು. ಇದು ನಮ್ಮೊಂದೇ ಮನೆಯ ಕಥೆಯಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 49 ದೇಶಗಳ ಕಲಿಕಾ ಸಾಧನಗಳನ್ನು ಪರಿಶೀಲಿಸಿ, ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳ ಹಕ್ಕುಗಳಿಗೆ ಅಪಾಯ ತರುವಂಥವೆಂದು 2022ರಲ್ಲಿ ವರದಿ ಮಾಡಿತು.

ಕಾನೂನು ಬೆನ್ನಿಗಿದ್ದರೆ ಫಲ ಬೇರೆಯೆಂಬುದಕ್ಕೆ ಬ್ರಿಟನ್ನಿನ ನಿದರ್ಶನವಿದೆ. ಮಕ್ಕಳ ವಯಸ್ಸಿಗೊಪ್ಪುವ ವಿನ್ಯಾಸದ ಸಂಹಿತೆಯು ಅಲ್ಲಿ 2021ರ ಸೆಪ್ಟೆಂಬರಿನಿಂದ ಪೂರ್ಣವಾಗಿ ಅನ್ವಯವಾಯಿತು. ಅದೇ ವರ್ಷ ಯೂಟ್ಯೂಬ್ 18ರೊಳಗಿನವರಿಗೆ ಒಂದರ ಹಿಂದೊಂದು ಚಿತ್ರ ತಾನಾಗಿ ಓಡುವ ವ್ಯವಸ್ಥೆಯು ಮೊದಲೇ ಆಫ್ ಆಗಿರುವಂತೆ ಮಾಡಿತು. ಟಿಕ್‌ಟಾಕ್ ಕಿರಿಯರಿಗೆ ರಾತ್ರಿಯ ಸೂಚನೆಗಳನ್ನು ತಡೆಯಿತು. ಇದಕ್ಕೆ ಹೊಸ ಸಂಶೋಧನೆಯೇನೂ ಬೇಕಾಗಿರಲಿಲ್ಲ; ಗುಂಡಿ ಮೊದಲಿನಿಂದಲೂ ಅವರ ಕೈಯಲ್ಲಿಯೇ ಇತ್ತು. 2022ರಲ್ಲಿ ಐರ್ಲೆಂಡಿನ ನಿಯಂತ್ರಕರು, ಹದಿಹರೆಯದವರ ದೂರವಾಣಿ ಸಂಖ್ಯೆ ಮತ್ತು ಇಮೇಲ್ ವಿಳಾಸಗಳು ಬಹಿರಂಗವಾಗುವಂತಿದ್ದುದಕ್ಕಾಗಿ ಇನ್‌ಸ್ಟಾಗ್ರಾಮಿಗೆ 40.5 ಕೋಟಿ ಯೂರೋ ದಂಡ ವಿಧಿಸಿದರು.

ಭಾರತದ 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯೂ 18ರೊಳಗಿನವರ ವಿವರಗಳಿಗೆ ಪಾಲಕರ ಒಪ್ಪಿಗೆಯನ್ನು ಬಯಸುತ್ತದೆ. ಮಕ್ಕಳನ್ನು ಗುರಿಮಾಡುವ ಜಾಹೀರಾತನ್ನು ನಿಷೇಧಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಆದರೆ ವಿವರಗಳ ರಕ್ಷಣೆಯೊಂದೇ ಮಕ್ಕಳ ಹಕ್ಕಲ್ಲ. ನಿದ್ರೆ, ಆಟ, ಮಾನ, ತನ್ನ ಮಾತನ್ನು ಹಿರಿಯರು ಆಲಿಸಬೇಕೆಂಬ ಅಪೇಕ್ಷೆ, ಇವೂ ಹಕ್ಕುಗಳೇ.

ಶಾಲೆಗೆ ಟ್ಯಾಬ್ಲೆಟ್‌ಗಳನ್ನೂ ಪಾಠದ ಆ್ಯಪ್‌ಗಳನ್ನೂ ದಾನವಾಗಿ ನೀಡುವ ಮಹನೀಯರ ಔದಾರ್ಯ ದೊಡ್ಡದು. ಅವರಲ್ಲಿಯೂ ಅಧ್ಯಾಪಕ ಬಂಧುಗಳಲ್ಲಿಯೂ ನನ್ನ ವಿನಂತಿ ಇಷ್ಟೇ: ಕೊಳ್ಳುವ ಮೊದಲು, ಮಕ್ಕಳ ಹಕ್ಕುಗಳ ಮೌಲ್ಯಮಾಪನವನ್ನು ಮಾಡಿದ್ದೀರಾ, ದೋಷ ಕಂಡು ಏನನ್ನು ತಿದ್ದಿದಿರಿ ಎಂದು ಕಂಪನಿಯನ್ನು ಲಿಖಿತವಾಗಿ ಕೇಳಿರಿ. ಉತ್ತರ ಬಾರದಿದ್ದರೆ ಆ ಸಾಧನವನ್ನು ಶಾಲೆಯೊಳಗೆ ತರುವುದು ಬೇಡ.