ಬಾನೆಟ್ ಒಳಗಿರುವುದು ಯಾರ ಎಂಜಿನ್?

ಡೆಟ್ರಾಯಿಟ್‌ನ ವುಡ್‌ವರ್ಡ್ ರಸ್ತೆಯ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತವರು ಹೊಸಬರನ್ನು ಮಾತಿಗೆಳೆಯುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆಯಿಂದ: ‘ನಿಮ್ಮಪ್ಪ ಯಾವ ಗಾಡಿ ಇಟ್ಟಿದ್ದರು?’ ಊರು, ಕೆಲಸ, ಹೆಸರು ಎಲ್ಲ ಆಮೇಲೆ. ನನ್ನ ಅಕ್ಕನ ಮಗ ಟ್ರಾಯ್ ಪಟ್ಟಣದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಈಗ ಅವನಿಗೊಂದು ಹಳೆಯ ಅಮೆರಿಕನ್ ಕಾರು ಕೊಳ್ಳುವ ಆಸೆ. ಯಾವುದನ್ನು ಕೊಳ್ಳಬೇಕು ಎಂದು ನೋಡಿಕೊಂಡು ಬರಲು ಹೊರಟವನ ಜೊತೆ ನಾನೂ ಹೊರಟಿದ್ದೆ.

ಆಗಸ್ಟ್ ತಿಂಗಳ ಮೂರನೆಯ ಶನಿವಾರ ಈ ರಸ್ತೆ ಹಳೆಯ ಕಾರುಗಳ ಪಾಲಾಗುತ್ತದೆ. 1995ರಲ್ಲಿ ಫರ್ನ್‌ಡೇಲ್ ಎಂಬ ಸಣ್ಣ ಊರಿನವರು ಒಂದು ಸಾಕರ್ ಮೈದಾನಕ್ಕೆ ದುಡ್ಡು ಕೂಡಿಸಲು ಶುರುಮಾಡಿದ್ದು, ಇವತ್ತು ಪಾಂಟಿಯಾಕ್ ಊರಿನವರೆಗೂ ಹಬ್ಬಿರುವ ಜಾತ್ರೆ. ರಸ್ತೆಯ ಕುಲವೂ ಅಂಥದೇ. 1909ರಲ್ಲಿ ಇಲ್ಲಿನ ಒಂದು ಮೈಲಿಗೆ ಕಾಂಕ್ರೀಟ್ ಹಾಕಿದ್ದರು. 1913ರಲ್ಲಿ ಹೆನ್ರಿ ಫೋರ್ಡ್ ಚಲಿಸುವ ಜೋಡಣಾ ಸಾಲನ್ನು ನಡೆಸಿದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ ನಿಂತಿರುವುದೂ ಇದೇ ರಸ್ತೆಯ ಮೇಲೆ. ಅರವತ್ತರ ದಶಕದಲ್ಲಿ ಕಂಪನಿಗಳ ಎಂಜಿನಿಯರುಗಳು ಹಗಲು ಮಾಡಿದ ಕೆಲಸವನ್ನು ರಾತ್ರಿ ಇಲ್ಲಿ ತಂದು, ಎದುರಾಳಿ ಕಂಪನಿಯ ಗಾಡಿಯ ಪಕ್ಕ ಸಿಗ್ನಲ್‌ನಲ್ಲಿ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದರಂತೆ.

ಇಲ್ಲಿ ಇಷ್ಟ ಎನ್ನುವುದು ಬಹುಪಾಲು ಮನೆಯಿಂದ ಬರುತ್ತದೆ. ಅಪ್ಪ ಡಿಯರ್‌ಬಾರ್ನ್‌ನ ಫೋರ್ಡ್ ಕಾರ್ಖಾನೆಯಲ್ಲಿ ದುಡಿದಿದ್ದರೆ ಮಗ ಮಸ್ಟಾಂಗ್ ಪಕ್ಕ ನಿಂತಿರುತ್ತಾನೆ. ಅಜ್ಜ ಫ್ಲಿಂಟ್‌ನಲ್ಲಿದ್ದರೆ ಬ್ಯೂಕ್ ಅಥವಾ ಷೆವರ್ಲೆ. ಕ್ರೈಸ್ಲರ್ ಬಳಗದವರು ತಮ್ಮನ್ನು ಮೋಪಾರ್ ಜನ ಎಂದುಕೊಳ್ಳುತ್ತಾರೆ. ಅದು ಆ ಕಂಪನಿಯ ಬಿಡಿಭಾಗ ವಿಭಾಗದ ಹೆಸರು. ಗಾಡಿಗಿಂತ ಅದರ ಬಿಡಿಭಾಗವೇ ಬಳಗವನ್ನು ಹಿಡಿದಿಟ್ಟಿದೆ ಎನ್ನಬಹುದು. 1968ರ ಪ್ಲಿಮತ್ ರೋಡ್‌ರನ್ನರ್ ಪಕ್ಕ ಕುಳಿತಿದ್ದ ಹಿರಿಯರೊಬ್ಬರು ನಮ್ಮನ್ನೂ ಅದೇ ಪ್ರಶ್ನೆ ಕೇಳಿದರು. ಅಳಿಯ ನನ್ನ ಮುಖ ನೋಡಿದ. ನಾನು ಹೇಳಿದೆ: ‘ಇವನ ತಾತ ಫಾರ್ಗೋ ಲಾರಿ ಓಡಿಸುತ್ತಿದ್ದರು. ತಿಪಟೂರಿನ ಮಂಡಿಯಿಂದ ಕೊಬ್ಬರಿ ಹೊರುತ್ತಿದ್ದರು.’ ಅವರು ಎದ್ದು ನಿಂತೇಬಿಟ್ಟರು. ಫಾರ್ಗೋ ಕ್ರೈಸ್ಲರ್‌ನದೇ ಹೆಸರು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಅದನ್ನು ಡಾಡ್ಜ್, ಡಿಸೋಟೊ ಲಾರಿಗಳ ಜೊತೆ ನಮಗಾಗಿ ತಯಾರಿಸುತ್ತಿತ್ತು. ‘ಹಾಗಾದರೆ ನೀವು ನಮ್ಮವರೇ!’ ಎಂದು ಅಳಿಯನನ್ನು ಸೀಟಿನಲ್ಲಿ ಕೂರಿಸಿ, ಕಾರ್ಟೂನಿನ ಹಕ್ಕಿಯ ಹಾಗೆ ‘ಬೀಪ್ ಬೀಪ್’ ಎನ್ನುವ ಹಾರನ್ ಒತ್ತಿಸಿದರು. ಅಮೆರಿಕಕ್ಕೆ ಬಂದ ಮೇಲೆ ಅವನನ್ನು ಯಾರೂ ತಾತನ ಹೆಸರಿನಿಂದ ಗುರುತಿಸಿರಲಿಲ್ಲ. ಅವನ ಮುಖ ಅರಳಿದ್ದನ್ನು ಕಂಡು ನನಗೂ ಸಂತೋಷವಾಯಿತು.

ಸ್ವಲ್ಪ ಮುಂದೆ 1932ರ ಫೋರ್ಡ್ ಒಂದರ ಸುತ್ತ ವಾದ ನಡೆದಿತ್ತು. ಕಡಿಮೆ ಬೆಲೆಯ ಕಾರಿಗೂ ವಿ-8 ಎಂಜಿನ್ ಕೊಟ್ಟ ಕೀರ್ತಿ ಆ ಮಾದರಿಯದು. ಆದರೆ ಈ ಗಾಡಿಯ ಬಾನೆಟ್ ಎತ್ತಿದರೆ ಒಳಗೆ ಕಿತ್ತಳೆ ಬಣ್ಣದ ಷೆವರ್ಲೆ ಎಂಜಿನ್. 1955ರಲ್ಲಿ ಬಂದ ಷೆವರ್ಲೆಯ ಸಣ್ಣ ವಿ-8 ಹಗುರ, ಅಗ್ಗ, ಬಿಡಿಭಾಗ ಯಾವ ಊರಿನಲ್ಲಾದರೂ ಸಿಗುತ್ತದೆ. ಆದ್ದರಿಂದ ಹಳೆಯ ಫೋರ್ಡ್‌ಗಳಿಗೆ ಅದನ್ನು ಕೂರಿಸುವುದು ದಶಕಗಳಿಂದ ನಡೆದಿದೆ. ಫೋರ್ಡ್ ಜನಕ್ಕೆ ಇದು ತಡೆಯುವುದಿಲ್ಲ. ‘ಫೋರ್ಡ್ ಒಳಗೆ ಫೋರ್ಡ್’ ಎಂದು ಬೋರ್ಡ್ ಬರೆದು ನಿಲ್ಲಿಸುವವರಿದ್ದಾರೆ. ಇದು ಬರೀ ಹಟವಲ್ಲ. ಡಿಸ್ಟ್ರಿಬ್ಯೂಟರ್ ಎಂಜಿನ್‌ನ ಮುಂದಿದೆಯೋ ಹಿಂದಿದೆಯೋ ಎಂಬುದರಿಂದಲೇ ಅವರು ಯಾರ ಕೈಕೆಲಸ ಎಂದು ಹೇಳಬಲ್ಲರು. ಹೊರಗಿನ ಹೆಸರೂ ಒಳಗಿನ ಕೆಲಸವೂ ಒಂದೇ ಆಗಿರಬೇಕು ಎಂಬ ಅವರ ಪಟ್ಟನ್ನು ನಾನು ಗೌರವಿಸುತ್ತೇನೆ.

ಆ ಪಟ್ಟು ಕೋರ್ಟು ಹತ್ತಿದ ಕಥೆ ನಮ್ಮ ಮುಂದಿನ ಊರಿನದು. ಲಾನ್ಸಿಂಗ್ ಮಿಶಿಗನ್ ರಾಜ್ಯದ ರಾಜಧಾನಿ, ರ‍್ಯಾನ್ಸಮ್ ಓಲ್ಡ್ಸ್ 1897ರಲ್ಲಿ ಕಟ್ಟಿದ ಓಲ್ಡ್ಸ್‌ಮೊಬೈಲ್‌ನ ತವರು. ಅವರ ಹೆಸರಿನ ವಾಹನ ಸಂಗ್ರಹಾಲಯ ಇಲ್ಲಿದೆ. ಓಲ್ಡ್ಸ್‌ಮೊಬೈಲ್ ಆಮೇಲೆ ಜನರಲ್ ಮೋಟರ್ಸ್ ಮನೆ ಸೇರಿತು. ಆಲ್ಫ್ರೆಡ್ ಸ್ಲೋನ್ ಆ ಕಂಪನಿಯನ್ನು ಮೆಟ್ಟಿಲುಗಳ ಹಾಗೆ ಜೋಡಿಸಿದ್ದರು: ಕೆಳಗೆ ಷೆವರ್ಲೆ, ಅದರ ಮೇಲೆ ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಕ್, ತುದಿಯಲ್ಲಿ ಕ್ಯಾಡಿಲಾಕ್. ಸಂಬಳ ಏರಿದ ಹಾಗೆ ಗಿರಾಕಿ ಮೆಟ್ಟಿಲು ಹತ್ತಬೇಕು, ಮನೆ ಬಿಟ್ಟು ಹೋಗಬಾರದು. ಒಂದೊಂದು ವಿಭಾಗಕ್ಕೂ ತನ್ನದೇ ಎಂಜಿನಿಯರುಗಳು, ತನ್ನದೇ ಎಂಜಿನ್. 1949ರಲ್ಲಿ ಬಂದ ಓಲ್ಡ್ಸ್‌ಮೊಬೈಲ್‌ನ ‘ರಾಕೆಟ್’ ಎಂಜಿನ್‌ಗಾಗಿಯೇ ಜನ ಒಂದು ಮೆಟ್ಟಿಲಿನ ದುಡ್ಡು ಹೆಚ್ಚು ಕೊಟ್ಟರು.

1977ರಲ್ಲಿ ಓಲ್ಡ್ಸ್‌ಮೊಬೈಲ್ ಮಾರಾಟ ಹತ್ತು ಲಕ್ಷ ದಾಟಿತು. ಬೇಡಿಕೆಗೆ ತಕ್ಕಷ್ಟು ರಾಕೆಟ್ ಎಂಜಿನ್‌ಗಳು ಇರಲಿಲ್ಲ. ಕಂಪನಿ ಅದೇ ಅಳತೆಯ, 5.7 ಲೀಟರಿನ ಷೆವರ್ಲೆ ಎಂಜಿನ್‌ಗಳನ್ನು ಓಲ್ಡ್ಸ್‌ಮೊಬೈಲ್‌ಗಳಲ್ಲಿ ಕೂರಿಸಿ ಮಾರಿತು. ಗಿರಾಕಿಗಳಿಗೆ ಹೇಳಲಿಲ್ಲ. ಶಿಕಾಗೋದಲ್ಲಿ ಒಂದು ಗಾಡಿಗೆ ಓಲ್ಡ್ಸ್‌ಮೊಬೈಲ್ ಬಿಡಿಭಾಗ ಹಾಕಲು ಹೋದಾಗ ಅದು ಕೂರಲಿಲ್ಲ, ಗುಟ್ಟು ಬಯಲಾಯಿತು. ಇಲಿನಾಯ್ ರಾಜ್ಯದ ಅಟಾರ್ನಿ ಜನರಲ್ ದಾವೆ ಹೂಡಿದರು. ಕಂಪನಿ ಕೊನೆಗೆ ಪರಿಹಾರ ಕೊಟ್ಟು ಮುಗಿಸಿಕೊಂಡಿತು. ಅಲ್ಲಿಂದಾಚೆಗೆ ಜಾಹೀರಾತುಗಳ ಬುಡದಲ್ಲಿ, ನಮ್ಮ ಎಂಜಿನ್‌ಗಳು ಬೇರೆ ಬೇರೆ ವಿಭಾಗಗಳಲ್ಲಿ ತಯಾರಾಗುತ್ತವೆ ಎಂಬ ಸಾಲು ಬರತೊಡಗಿತು.

ಷೆವರ್ಲೆ ಎಂಜಿನ್ ಕೆಟ್ಟದ್ದೇನಲ್ಲ, ವುಡ್‌ವರ್ಡ್‌ನಲ್ಲಿ ಫೋರ್ಡ್‌ಗಳನ್ನೇ ಓಡಿಸುತ್ತಿರುವುದು ಅದು. ಹಾಗಿದ್ದರೂ ಜನ ಯಾಕೆ ಅಷ್ಟು ನೊಂದರು? ಓಲ್ಡ್ಸ್‌ಮೊಬೈಲ್ ಎಂದರೆ ಬೇರೆಯೇ ಒಂದು ಕೆಲಸ ಎಂದು ಎಂಟು ದಶಕ ನಂಬಿಸಿದ್ದು ಕಂಪನಿಯೇ. ಆ ಮಾತನ್ನು ಗಿರಾಕಿ ನಿಜವೆಂದು ತಿಳಿದಿದ್ದ, ಕಂಪನಿಗೆ ಅದು ಮೂತಿಯ ಮೇಲಿನ ಬಿಲ್ಲೆಯಷ್ಟೇ ಆಗಿತ್ತು. 2004ರ ಏಪ್ರಿಲ್ 29ರಂದು ಕೊನೆಯ ಓಲ್ಡ್ಸ್‌ಮೊಬೈಲ್ ಲಾನ್ಸಿಂಗ್ ಕಾರ್ಖಾನೆಯಿಂದ ಹೊರಬಂದಾಗ ಅದರ ಬಾನೆಟ್ ಅಡಿಯಲ್ಲಿ ಕೆಲಸಗಾರರು ತಮ್ಮ ಸಹಿ ಹಾಕಿದ್ದರು. ಸಹಿ ಹಾಕಲು ಅವರು ಆರಿಸಿಕೊಂಡ ಜಾಗ ಅದು.

ಅಳಿಯ ಅಲ್ಲಿಂದ ಮೌನವಾಗಿ ಗಾಡಿ ಓಡಿಸುತ್ತಿದ್ದ. ಎರಡೂ ಕಡೆ ಜೋಳ, ಸೋಯಾ. ಇಂಡಿಯಾನಾ ಗಡಿ ಹತ್ತಿರ ಬಂದಾಗ ಕೇಳಿದ: ‘ಮಾಮ, ತಾತನ ಲಾರಿಯಲ್ಲಿ ಇದ್ದದ್ದು ಕ್ರೈಸ್ಲರ್ ಎಂಜಿನ್ನೇನಾ?’

ಅಲ್ಲ. ಅದು ಪರ್ಕಿನ್ಸ್. ಇಂಗ್ಲೆಂಡಿನ ಆರು ಸಿಲಿಂಡರ್ ಡೀಸೆಲ್. ಅಪ್ಪ ಸ್ಟ್ಯಾಂಡಿನಲ್ಲಿ ಕೂತು ‘ನಂದು ಪರ್ಕಿನ್ಸ್ ಹಾಕಿದ ಫಾರ್ಗೋ’ ಎಂದು ಎರಡು ಹೆಸರನ್ನೂ ಒಟ್ಟಿಗೆ ಹೇಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅದನ್ನು ಹೇಳಿದೆ. ‘ಅಂದರೆ ತಾತನಿಗೆ ಮೊದಲೇ ಗೊತ್ತಿತ್ತು’ ಎಂದ ಅವನು. ವ್ಯತ್ಯಾಸ ಅಷ್ಟೇ ಎಂದು ನನಗೂ ಹೊಳೆದದ್ದು ಆಗಲೇ. ಬೆರಕೆಯನ್ನು ಅಭಿಮಾನ ಸಹಿಸಿಕೊಳ್ಳುತ್ತದೆ, ಮುಚ್ಚಿಟ್ಟದ್ದನ್ನು ಸಹಿಸುವುದಿಲ್ಲ.

ಸೌತ್ ಬೆಂಡ್ ಊರಿನಲ್ಲಿ ಇದಕ್ಕೆ ಕಣ್ಣೆದುರಿನ ಸಾಕ್ಷಿ ಸಿಕ್ಕಿತು. ಸ್ಟೂಡಿಬೇಕರ್ ಸಹೋದರರು 1852ರಲ್ಲಿ ಇಲ್ಲಿ ಕುಲುಮೆ ಹಾಕಿ ಗಾಡಿ ಕಟ್ಟಲು ಶುರುಮಾಡಿದವರು; ಕುದುರೆ ಗಾಡಿಯಿಂದ ಕಾರಿನವರೆಗೆ ಬಂದ ಕಂಪನಿ. 1963ರ ಡಿಸೆಂಬರ್‌ನಲ್ಲಿ ಇಲ್ಲಿನ ಕಾರ್ಖಾನೆ ಮುಚ್ಚಿತು. ನಲವತ್ತು ದಾಟಿ ಅರವತ್ತು ತುಂಬದ ಸಾವಿರಾರು ಕೆಲಸಗಾರರಿಗೆ ಬರಬೇಕಿದ್ದ ಪಿಂಚಣಿಯಲ್ಲಿ ಕೈಸೇರಿದ್ದು ಸುಮಾರು ಶೇಕಡಾ 15 ಮಾತ್ರ. ಅಮೆರಿಕ 1974ರಲ್ಲಿ ಪಿಂಚಣಿ ರಕ್ಷಣೆಗೆ ಕಾಯ್ದೆ ತರಲು ಈ ಅನ್ಯಾಯವೂ ಒಂದು ಕಾರಣ. ಇಷ್ಟಾದರೂ ಆ ಹೆಸರನ್ನು ಊರು ಎದೆಗೆ ಹಚ್ಚಿಕೊಂಡಿದೆ. ಸ್ಟೂಡಿಬೇಕರ್ ಸಂಗ್ರಹಾಲಯದ ಅಂಗಳದಲ್ಲಿ ಸಿಕ್ಕ ನಿವೃತ್ತ ಮೇಷ್ಟರೊಬ್ಬರ ತಂದೆ ಆ ಕಾರ್ಖಾನೆಯ ಎರಕದ ಮನೆಯಲ್ಲಿದ್ದವರು, ಪಿಂಚಣಿ ಕಳೆದುಕೊಂಡವರು. ‘ಅಪ್ಪ ಕಂಪನಿಯನ್ನು ಸಾಯುವವರೆಗೂ ಕ್ಷಮಿಸಲಿಲ್ಲ. ಆದರೆ ಬೇರೆ ಕಾರು ಹತ್ತಲೂ ಇಲ್ಲ’ ಎಂದರು.

ಮೇಷ್ಟರು ತಂದಿದ್ದದ್ದು 1966ರ ಅವಾಂಟಿ. ಸ್ಟೂಡಿಬೇಕರ್‌ಗಾಗಿ ರೇಮಂಡ್ ಲೋವಿ ತಂಡ ರೂಪಿಸಿದ ಕಾರು ಅದು. ಮುಂದೆ ಗ್ರಿಲ್ ಇಲ್ಲ, ನಡು ಬಿಗಿದ ಮೈ, ಮೈಯೆಲ್ಲ ಫೈಬರ್‌ಗ್ಲಾಸ್. ಹಳೆಯ ಕಾರುಗಳಲ್ಲಿ ನನಗೆ ಇದಕ್ಕಿಂತ ಚೆಲುವಾದದ್ದು ಕಂಡಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಊರಿನ ಇಬ್ಬರು ಡೀಲರುಗಳು, ನೇಟ್ ಆಲ್ಟ್‌ಮನ್ ಮತ್ತು ಲಿಯೋ ನ್ಯೂಮನ್, ಅದರ ಅಚ್ಚುಗಳನ್ನೂ ಹಕ್ಕುಗಳನ್ನೂ ಕೊಂಡು, ಹಳೆಯ ಕೆಲಸಗಾರರನ್ನು ಕರೆದು, ಅದನ್ನು ಮತ್ತೆ ಕೈಯಲ್ಲಿ ಕಟ್ಟಿಸತೊಡಗಿದರು. ಸ್ಟೂಡಿಬೇಕರ್ ಎಂಜಿನ್ ಇನ್ನು ಸಿಗುವಂತಿರಲಿಲ್ಲ. ಮೇಷ್ಟರು ಬಾನೆಟ್ ಎತ್ತಿದರು. ಒಳಗೆ ಕಾರ್ವೆಟ್‌ಗೆ ಹಾಕುತ್ತಿದ್ದ ಷೆವರ್ಲೆ ವಿ-8. ಅವರು ಅದನ್ನು ಮರೆಮಾಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಯಾವ ಕಾರ್ಖಾನೆಯದು, ಯಾಕೆ ಹಾಕಿದರು ಎಂದು ಪಾಠದ ಹಾಗೆ ಬಿಡಿಸಿ ಹೇಳಿದರು. ಪಕ್ಕದಲ್ಲಿ ಸ್ಟೂಡಿಬೇಕರ್ ಎಂಜಿನ್ನೇ ಇರುವ 1963ರ ಅವಾಂಟಿಯವರು ಒಪ್ಪದೆ ತಲೆ ಆಡಿಸುತ್ತಿದ್ದರು. ಆದರೂ ಇಬ್ಬರೂ ಒಂದೇ ಡಬ್ಬಿಯಿಂದ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.

ಅಳಿಯ ಆ ಕಾರಿನ ಸುತ್ತ ತಿರುಗಿ ತಿರುಗಿ ಬಂದ. ಫಾರ್ಗೋ ಹೆಸರಿನಲ್ಲಿ ಅವನನ್ನು ತಮ್ಮವನನ್ನಾಗಿ ಮಾಡಿಕೊಂಡಿದ್ದ ಹಿರಿಯರು ಅಲ್ಲಿದ್ದರೆ ನೊಂದುಕೊಳ್ಳುತ್ತಿದ್ದರೇನೋ. ಆದರೆ ಇದು ಅವನಿಗೆ ಯಾರೂ ಬಿಟ್ಟುಹೋಗದ, ಅವನೇ ಕಂಡು ಮೆಚ್ಚಿದ ಗಾಡಿ. ಇಂಥದ್ದು ಮಾರಾಟಕ್ಕೆ ಸಿಕ್ಕರೆ ಏನು ನೋಡಬೇಕು ಎಂದು ಮೇಷ್ಟರನ್ನು ಕೇಳಿದ.

‘ಹೊಳಪು ನೋಡಬೇಡಿ, ಎಂಜಿನ್ ಆಮೇಲೆ ನೋಡಿ’ ಎಂದರು ಅವರು. ಫೈಬರ್‌ಗ್ಲಾಸ್ ತುಕ್ಕು ಹಿಡಿಯುವುದಿಲ್ಲ, ಆದರೆ ಅದರಡಿಯಲ್ಲಿ ಬಾಡಿಯನ್ನು ಬಿಗಿಯಾಗಿಡುವ ಉಕ್ಕಿನ ಪಟ್ಟಿಗಳಿವೆ. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಅಲ್ಲಿ ಕೂತು ಒಳಗಿಂದೊಳಗೇ ತಿನ್ನುತ್ತದೆ. ಹೇಳಿ ಮುಗಿಸುವ ಮೊದಲೇ ಹಳೆಯ ಕಂಬಳಿಯೊಂದನ್ನು ನೆಲಕ್ಕೆ ಹಾಸಿದರು. ಅಳಿಯ ಇಸ್ತ್ರಿ ಮಾಡಿದ ಅಂಗಿಯಲ್ಲೇ ಮಲಗಿ ಕಾರಿನಡಿಗೆ ಜಾರಿದ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿದ:

‘ಮಾಮ, ಟಾರ್ಚ್ ಇನ್ನೂ ಸ್ವಲ್ಪ ಹಿಂದಕ್ಕೆ ಹಿಡಿ, ಆ ಮೂಲೆ ಕಾಣಿಸ್ತಿಲ್ಲ.’