ಮ್ಯಾಗ್‌ಪೈಗೆ ಕಪ್ಪು ಬಣ್ಣ ಸಾಲದು

ಸಿಯೋಲ್‌ನ ಗ್ಯೊಂಗ್‌ಬೊಕ್ ಅರಮನೆಯ ಅಂಗಳದಲ್ಲಿ ಎಲ್ಲರೂ ಬಣ್ಣದ ಸೂರು ನೋಡ್ತಿದ್ರು. ನನ್ನ ಕಣ್ಣು ಮಾತ್ರ ಹುಲ್ಲಿನ ಮೇಲೆ ಕುಪ್ಪಳಿಸ್ತಿದ್ದ ಮ್ಯಾಗ್‌ಪೈ ಮೇಲೆ. ಅಲ್ಲೇ ಸ್ಕೆಚ್ ಪುಸ್ತಕ ತೆಗೆದು ಕೂತೆ. ದೂರಕ್ಕೆ ಬರೀ ಕಪ್ಪು-ಬಿಳುಪಿನ ಹಕ್ಕಿ. ಬಿಸಿಲಿಗೆ ತಿರುಗಿದ್ದೇ ತಡ, ರೆಕ್ಕೆಯಲ್ಲಿ ನೀಲಿ, ಬಾಲದಲ್ಲಿ ಹಸಿರು ಮಿಂಚಿ ಹೋಯ್ತು! ಅವತ್ತಿನಿಂದ ಮೊದಲು ನೀಲಿ, ಹಸಿರು ತೆಳ್ಳಗೆ ಬಳಿದು, ಒಣಗಿದ ಮೇಲೆ ಕಪ್ಪು ಹಚ್ತೀನಿ, ಅಲ್ಲಲ್ಲಿ ಸಂದು ಬಿಟ್ಟು. ಬಾಲಕ್ಕೆ ಹಾಳೆಯಲ್ಲಿ ಮೊದಲೇ ಜಾಗ ಇಟ್ಕೋಬೇಕು, ಹೆಚ್ಚುಕಮ್ಮಿ ಮೈಯಷ್ಟೇ ಉದ್ದ ಅದು.

ಬೆಳಿಗ್ಗೆ ಈ ಹಕ್ಕಿ ಕೂಗಿದ್ರೆ ಮನೆಗೆ ನೆಂಟರು ಬರ್ತಾರೆ ಅನ್ನೋದು ಕೊರಿಯಾದವರ ನಂಬಿಕೆ. ನಾವು ಅದನ್ನೇ ಕಾಗೆ ಬಗ್ಗೆ ಹೇಳ್ತೀವಲ್ಲ, ಕಾಗೆಯೂ ಇದರ ಬಳಗವೇ. ಅಲ್ಲಿನ ಹಳೇ ಜನಪದ ಚಿತ್ರಗಳಲ್ಲಿ ಪೈನ್ ಕೊಂಬೆ ಮೇಲೆ ಮ್ಯಾಗ್‌ಪೈ, ಕೆಳಗೆ ಹುಲಿ.

ನನ್ನ ಮನಸ್ಸು ಕದ್ದದ್ದು ಇನ್ನೊಂದು. ಚಳಿಗಾಲಕ್ಕೆ ಮುಂಚೆ ಪರ್ಸಿಮನ್ ಹಣ್ಣು ಕೊಯ್ಯುವಾಗ ತುದಿಯಲ್ಲಿ ಒಂದಿಷ್ಟು ಹಾಗೇ ಬಿಡ್ತಾರೆ. ಅದಕ್ಕೆ ‘ಕಾಚಿಬಾಪ್’ ಅಂತ ಹೆಸರು, ಮ್ಯಾಗ್‌ಪೈ ಪಾಲಿನ ಅನ್ನ.

ನನ್ನ ಚಿತ್ರದಲ್ಲೂ ಬೋಳು ಕೊಂಬೆಯ ತುದಿಗೆ ಎರಡು ಹಣ್ಣು ಬರೆದಿದ್ದೀನಿ. ಕಿತ್ತಳೆ ಬಣ್ಣ ಹಚ್ಚೋದಿದೆ.