ಬಿಗಿದ ಗಂಟು



ಕೆಲವು ವರ್ಷಗಳ ಹಿಂದೆ, ಮುಂಡಗೋಡ ತಾಲೂಕಿನ ಪಾಳಾದಲ್ಲಿ ಭತ್ತದ ಕೊಯ್ಲಿನ ಒಂದು ಸಂಜೆ, ನೆರೆಯ ರೈತರೊಬ್ಬರ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ಹೆಗಲ ಮೇಲಿನ ವಸ್ತ್ರ ತೆಗೆದು ಅವರ ಮೊಣಕಾಲಿನ ಕೆಳಗೆ ಬಲವಾಗಿ ಗಂಟು ಬಿಗಿದವನು ನಾನೇ. ಹಿರಿಯರು ಮಾಡುತ್ತಿದ್ದುದನ್ನೇ ನಾನೂ ಮಾಡಿದೆ. ಮೊದಲು ನಾಟಿ ಮದ್ದು ಕೊಡುವವರ ಮನೆಗೆ ಹೋಗಿ, ಅನಂತರ ಹುಬ್ಬಳ್ಳಿಯ ಆಸ್ಪತ್ರೆ ತಲುಪುವಾಗ ನಡುರಾತ್ರಿಯಾಗಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ವಿಷದ ಜೊತೆಗೆ ಆ ಗಂಟೂ ಕೇಡು ಮಾಡಿದೆಯೆಂದು ವೈದ್ಯರು ಹೇಳಿದರು. “ನೀವಿದ್ದುದಕ್ಕೆ ನಾನು ಬದುಕಿದೆ” ಎಂದು ಆ ರೈತರು ಇಂದಿಗೂ ಕೈಮುಗಿಯುತ್ತಾರೆ. ನಾನು ತಲೆ ತಗ್ಗಿಸುತ್ತೇನೆ.

ಮುಂದೆ ನಮ್ಮ ಓಣಿಯ ಆಶಾ ಕಾರ್ಯಕರ್ತೆ ತರಬೇತಿ ಪಡೆದು ಬಂದು ಜಗಲಿಯ ಮೇಲೆ ಎಲ್ಲರನ್ನೂ ಕೂಡಿಸಿ ತಿಳಿಸಿದರು: ಗಂಟು ಬಿಗಿಯಬಾರದು, ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು. ಬಾವು ಏರುವ ಮೊದಲೇ ಕಾಲುಂಗುರ, ಬಳೆಗಳನ್ನು ತೆಗೆಯಬೇಕು. ಮುರಿದ ಎಲುಬಿಗೆ ಕಟ್ಟುವಂತೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ನಡೆಯಗೊಡದೆ, ವಿಷಪ್ರತಿರೋಧಕ ಔಷಧವಿರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು. ಕಟ್ಟುಹಾವು ಕಚ್ಚಿದಾಗ ನೋವಾಗಲೀ ಬಾವಾಗಲೀ ಕಾಣದಿರಬಹುದು. ರೆಪ್ಪೆ ಜೋಲುವ ತನಕ ಕಾಯಬಾರದು.

ಅರ್ಧ ಗಂಟೆಯ ಈ ಮಾತು ಆ ಸಂಜೆಗಿಂತ ಮೊದಲು ನನ್ನ ಕಿವಿಗೆ ಬಿದ್ದಿದ್ದರೆ!

ಕರ್ನಾಟಕ ಸರಕಾರವು 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಅದೇ ವರ್ಷ ಕೇಂದ್ರ ಸರಕಾರವು 2030ರೊಳಗೆ ಇಂಥ ಸಾವುಗಳನ್ನು ಅರ್ಧಕ್ಕೆ ಇಳಿಸುವ ಕ್ರಿಯಾಯೋಜನೆಯನ್ನು ಪ್ರಕಟಿಸಿತು. ಆದರೆ ಯೋಜನೆ ಗದ್ದೆಯ ಬದುವಿಗೆ ಬರುವುದು ಊರಿನ ಆರೋಗ್ಯ ಕಾರ್ಯಕರ್ತೆಯ ಕಾಲ್ನಡಿಗೆಯಲ್ಲೇ. ಆಕೆ ಕಲಿತದ್ದನ್ನು ಕೇಳಲು ನಾವು ಕೂರದಿದ್ದರೆ ಆ ತರಬೇತಿ ಆಕೆಯ ಚೀಲದಲ್ಲೇ ಉಳಿಯುತ್ತದೆ.

ಕಳೆದ ಮಳೆಗಾಲದಲ್ಲಿ ಗೋವಿನಜೋಳದ ಹೊಲದಲ್ಲಿ ಒಬ್ಬ ಹುಡುಗನಿಗೆ ಹಾವು ಕಚ್ಚಿತು. ಯಾರೋ ಹಗ್ಗ ತಂದರು. ಆ ಕೈಯನ್ನು ತಡೆದವನು ನಾನೇ. ಹುಡುಗ ಈಗ ಶಾಲೆಗೆ ನಡೆದೇ ಹೋಗುತ್ತಾನೆ.

ಓದುಗರೇ, ಔಷಧವಿರುವ ಆಸ್ಪತ್ರೆ ಯಾವುದು, ರಾತ್ರಿ ವಾಹನ ಕೊಡುವವರು ಯಾರು ಎಂಬುದನ್ನು ಇಂದೇ ವಿಚಾರಿಸಿಡಿರಿ. ಮುಂದಿನ ಒಂದು ಭಾನುವಾರ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕರೆದು ಕೂರಿಸಿ ಕೇಳಿರಿ. ಪ್ರೀತಿಯಿಂದಲೇ ನಾನು ಆ ಗಂಟು ಬಿಗಿದಿದ್ದೆ. ಪ್ರೀತಿಗೆ ತಿಳಿವಳಿಕೆಯೂ ಬೇಕು.